ಕಷ್ಟಕಾಲದಲ್ಲಿ ದೈವದ ಆಣತಿ

ಕಷ್ಟ ಬಂದಾಗ ದೇವರ ಮೇಲೆ ಭಾರ ಹಾಕಬೇಕೆಂಬುದು ನಾಡಿನ ಹಿರಿಯರು ಬಹುಕಾಲದಿಂದ ಹೇಳಿಕೊಂಡು ಬಂದ ಮಾತು. ಮಳೆ ತಪ್ಪಿದ ವರ್ಷ ಒಣಗಿದ ಪೈರಿನ ನಡುವೆ ನಿಂತ ಒಕ್ಕಲಿಗನೂ, ಸಾಲದ ಹೊರೆ ಹೊತ್ತ ಗೃಹಸ್ಥನೂ, ಮನೆಯ ಯಜಮಾನನನ್ನು ಕಳೆದುಕೊಂಡ ತಾಯಿಯೂ ಈ ಮಾತನ್ನು ಕೇಳಿಯೇ ಇರುತ್ತಾರೆ. ಮಾತು ಸುಳ್ಳಲ್ಲ. ಆದರೆ ಭಾರ ಹಾಕಿದ ಮೇಲೆ ಹಾಕಿದವನು ಮಾಡಬೇಕಾದುದೇನು ಎಂಬುದನ್ನು ಹೇಳುವವರು ವಿರಳ. ಹೆಗಲು ಹಗುರವಾಯಿತೆಂದು ಊರ ಕಟ್ಟೆಯ ಮೇಲೆ ಕುಳಿತುಕೊಳ್ಳುವುದೇ ಭಕ್ತಿಯಾದರೆ, ಭಕ್ತಿಗೂ ಸೋಮಾರಿತನಕ್ಕೂ ಅಂತರವೇ ಉಳಿಯದು. ದೇವರನ್ನು ನಂಬುವುದು ಒಂದು, ಆತನ ಆಣತಿಯಂತೆ ನಡೆಯುವುದು ಇನ್ನೊಂದು. ನಂಬುವುದಕ್ಕೆ ಬಾಯಿ ಸಾಕು. ನಡೆಯುವುದಕ್ಕೆ ಕಾಲು ಬೇಕು.

ಇಲ್ಲಿ ಒಂದು ಶಬ್ದವಿಚಾರ ಅಪ್ರಸ್ತುತವಾಗಲಾರದು. ಸಂಸ್ಕೃತದ ‘ಆಜ್ಞೆ’ ಕನ್ನಡದಲ್ಲಿ ತದ್ಭವವಾಗಿ ‘ಆಣೆ’ ಎನಿಸಿತು. ಹಳೆಯ ಕಾವ್ಯಗಳಲ್ಲಿ ಆಣೆಯೆಂದರೆ ಅರಸನ ಅಪ್ಪಣೆ. ಇಂದು ಹಳ್ಳಿಯ ಮಗುವೂ ಬಳಸುವ ಆಣೆಗೆ ಪ್ರಮಾಣ, ಪ್ರತಿಜ್ಞೆ ಎಂಬುದೇ ಅರ್ಥ. ಮೇಲಿನಿಂದ ಇಳಿದು ಬಂದ ಕಟ್ಟಪ್ಪಣೆಯು ಕನ್ನಡಿಗರ ನಾಲಗೆಯ ಮೇಲೆ ತನಗೆ ತಾನೇ ವಿಧಿಸಿಕೊಂಡ ಕಟ್ಟುಪಾಡಾಗಿ ಮಾರ್ಪಟ್ಟಿತು. ಶಾಸ್ತ್ರಗ್ರಂಥಗಳನ್ನು ಓದದ ಜನರು ದೈವಾಜ್ಞೆಯ ತಿರುಳನ್ನು ಈ ಒಂದು ಪದದಲ್ಲಿ ಹಿಡಿದಿಟ್ಟರೆಂದೇ ಹೇಳಬೇಕು. ಆಕಾಶವಾಣಿಯನ್ನು ಕೇಳಿದವರು ಪುರಾಣದಲ್ಲಿ ಸಿಗುತ್ತಾರೆ. ಬಾಳಿನಲ್ಲಿ ಸಿಗುವವರು, ಇದನ್ನು ಮಾಡದೆ ಇರಲಾರೆನೆಂದು ತಮಗೆ ತಾವೇ ಆಣೆಯಿಟ್ಟುಕೊಂಡವರು.

ಬೀದರ ಸೀಮೆಗೆ ಕಷ್ಟವೇನೂ ಹೊಸದಲ್ಲ. ಮಾಂಜ್ರಾ ನದಿ ಈ ಜಿಲ್ಲೆಯನ್ನು ಹಾದು ಹೋಗುತ್ತಿದ್ದರೂ ಔರಾದ, ಭಾಲ್ಕಿ ಕಡೆಯ ಬಹುಪಾಲು ಬೇಸಾಯ ಮಳೆಯನ್ನೇ ನೆಚ್ಚಿಕೊಂಡಿದೆ. 14ನೆಯ ಶತಮಾನದ ಕೊನೆಯಲ್ಲಿ ತೊಡಗಿ ಹನ್ನೆರಡು ವರ್ಷ ಕಾಡಿತೆಂದು ಹೇಳಲಾಗುವ ದುರ್ಗಾದೇವಿ ಕ್ಷಾಮದ ಹೆಸರು ದಖ್ಖನಿನ ನೆನಪಿನಿಂದ ಅಳಿದಿಲ್ಲ. 1972ರ ಬರವನ್ನು ಉಂಡವರು ಇನ್ನೂ ಇದ್ದಾರೆ. 2016ರ ಏಪ್ರಿಲ್‌ನಲ್ಲಿ ನೆರೆಯ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಹೋದುದನ್ನು ಇಂದಿನ ವಿದ್ಯಾರ್ಥಿಗಳ ತಂದೆತಾಯಿಗಳೆಲ್ಲ ಕಂಡಿದ್ದಾರೆ. ಇಂಥ ನೆಲದಲ್ಲಿ ದೇವರನ್ನು ಕುರಿತು ಆಡುವ ಮಾತು ಹಗುರವಾಗಬಾರದು.

ಚರಿತ್ರಕಾರ ಫೆರಿಷ್ತಾ ಬರೆದ ಎರಡು ಸಂಗತಿಗಳನ್ನು ಇಲ್ಲಿ ನೆನೆಯಬಹುದು. ಬಹಮನಿ ಸುಲ್ತಾನ ಎರಡನೆಯ ಮುಹಮ್ಮದ್ ಷಾ (ಆತನ ಆಳ್ವಿಕೆ 1378ರಿಂದ 1397ರವರೆಗೆ) ಕ್ಷಾಮದ ಕಾಲದಲ್ಲಿ ಮಾಳವ, ಗುಜರಾತುಗಳಿಂದ ಎತ್ತುಗಳ ಮೇಲೆ ಧಾನ್ಯ ತರಿಸಿದನು. ಬೀದರವೂ ಸೇರಿದಂತೆ ಹಲವು ಊರುಗಳಲ್ಲಿ ಅನಾಥ ಮಕ್ಕಳಿಗಾಗಿ ಪಾಠಶಾಲೆಗಳನ್ನು ತೆರೆಸಿದನು. ಇನ್ನೊಂದು, ಮುಂದೆ ಬೀದರನ್ನು ರಾಜಧಾನಿ ಮಾಡಿಕೊಂಡ ಅಹಮದ್ ಷಾನದು. ಆತನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಮಳೆಯಿಲ್ಲದೆ ದನಕರುಗಳು ಬಯಲಿನಲ್ಲಿ ಬಿದ್ದು ಸತ್ತವು. ಸುಲ್ತಾನನು ಬಡವರಿಗಾಗಿ ಸರ್ಕಾರಿ ಕಣಜಗಳನ್ನು ತೆರೆಸಿದನು. ಮರುವರ್ಷವೂ ಮಳೆ ಬಾರದಿರಲು, ಅರಸನ ಕಾಲ್ಗುಣವೇ ಕೆಟ್ಟದ್ದೆಂದು ಜನ ಗೊಣಗತೊಡಗಿದರು. ಆಗ ಆತ ಒಬ್ಬನೇ ದಿಬ್ಬವೊಂದನ್ನು ಏರಿ ದೇವರಲ್ಲಿ ಮೊರೆಯಿಟ್ಟನೆಂದೂ ಮೋಡ ಕವಿದು ಮಳೆ ಸುರಿಯಿತೆಂದೂ, ಅಂದಿನಿಂದ ಜನ ಆತನನ್ನು ‘ವಲೀ’ ಎಂದರೆಂದೂ ಕಥೆ. ಅಷ್ಟೂರಿನ ಆತನ ಗೋರಿಯಲ್ಲಿ ನಡೆಯುವ ಉರುಸಿಗೆ ಇಂದಿಗೂ ಲಿಂಗಾಯತ ಜಂಗಮರು ಮುಂದಾಳಾಗಿ ಬರುತ್ತಾರೆ. ಜನ ಆತನನ್ನು ಅಲ್ಲಮಪ್ರಭು ಎಂದೂ ಕರೆಯುವುದುಂಟು.

ಜನಮನದಲ್ಲಿ ಉಳಿದದ್ದು ಮಳೆ ಬಂದ ಸಂಗತಿ. ಓದುಗರು ಗಮನಿಸಬೇಕಾದುದು ಕಥೆಯ ಕ್ರಮವನ್ನು. ಕಣಜ ತೆರೆದದ್ದು ಮೊದಲು, ದಿಬ್ಬ ಏರಿದ್ದು ಆಮೇಲೆ. ಕಣಜಕ್ಕೆ ಬೀಗ ಹಾಕಿ ದಿಬ್ಬ ಏರಿದ್ದರೆ ಆ ಪ್ರಾರ್ಥನೆಗೆ ಯಾವ ಹೆಸರಿಡಬೇಕಾಗುತ್ತಿತ್ತೋ ಊಹಿಸಿಕೊಳ್ಳಬಹುದು.

ಕಣಜದ ಮಾತು ಬಂದ ಮೇಲೆ ದಾಮಾಜಿಪಂತನನ್ನು ಬಿಡಲಾಗದು. 15ನೆಯ ಶತಮಾನದ ನಡುವಿನ ಒಂದು ಕ್ಷಾಮಕ್ಕೆ ಆತನ ಹೆಸರೇ ನಿಂತಿದೆ. ಮಂಗಳವೇಢೆಯಲ್ಲಿ (ಬಸವಣ್ಣನವರು ಬಿಜ್ಜಳನಲ್ಲಿ ಕರಣಿಕರಾಗಿದ್ದ ಮಂಗಳವಾಡವೆಂಬುದು ಇದೇ ಊರು) ದಾಮಾಜಿಯು ಬೀದರದ ಸುಲ್ತಾನನ ಅಧಿಕಾರಿಯಾಗಿದ್ದನು. ಸರ್ಕಾರದ ಧಾನ್ಯ ಆತನ ವಶದಲ್ಲಿತ್ತು. ಹೊರಗೆ ಜನ ಹಸಿವಿನಿಂದ ಸಾಯುತ್ತಿದ್ದರು. ಅಪ್ಪಣೆಯಿಲ್ಲದೆ ಕಣಜ ತೆರೆದರೆ ತಲೆದಂಡವೆಂಬುದು ಆತನಿಗೆ ತಿಳಿಯದ ವಿಷಯವಲ್ಲ. ಆದರೂ ತೆರೆದನು. ಸುದ್ದಿ ಬೀದರಕ್ಕೆ ಮುಟ್ಟಿತು. ಹಿಡಿದು ತರುವಂತೆ ಆಜ್ಞೆಯಾಯಿತು. ದಾಮಾಜಿಯು ಬೀದರದ ದಾರಿಯಲ್ಲಿರುವಾಗ ಪಂಢರಪುರದ ವಿಠಲನೇ ವಿಠೂ ಎಂಬ ಮಹಾರನ ವೇಷದಲ್ಲಿ ದರ್ಬಾರಿಗೆ ಬಂದು, ಧಾನ್ಯದ ಬೆಲೆಯನ್ನೆಲ್ಲ ಸುರಿದು, ರಸೀದಿ ಪಡೆದು ಹೋದನೆಂದು ಮಹೀಪತಿಯ ‘ಭಕ್ತವಿಜಯ’ವೂ ಜನರ ಬಾಯಿಮಾತೂ ಹೇಳುತ್ತವೆ. ಅಸ್ಪೃಶ್ಯನೆಂದು ಊರ ಹೊರಗಿಟ್ಟವನ ರೂಪವನ್ನೇ ದೇವರು ಆರಿಸಿಕೊಂಡುದು ಆ ಕಥೆ ಕಟ್ಟಿದವರ ಹೃದಯವನ್ನು ತೋರಿಸುತ್ತದೆ. ಕೀರ್ತನಕಾರರು ಆ ಘಟ್ಟವನ್ನು ಗಂಟೆಗಟ್ಟಲೆ ಹಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ವಿಚಾರವಂತರು ನಿಲ್ಲಬೇಕಾದುದು ಅದಕ್ಕಿಂತ ಹಿಂದಿನ ಘಟ್ಟದಲ್ಲಿ. ಬೀಗದ ಕೈ ತಿರುಗಿಸಿದ ಆ ಕ್ಷಣದಲ್ಲಿ ದಾಮಾಜಿಗೆ ವಿಠಲನು ಬರುವನೆಂಬ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಆತನ ಮುಂದಿದ್ದದ್ದು ತುಂಬಿದ ಕಣಜ, ಹಸಿದ ಮುಖಗಳು, ಬೀದರದ ಕೊರಡೆ. ಅಷ್ಟರಲ್ಲಿಯೇ ಆತ ಆಣತಿಯನ್ನು ಓದಿಕೊಂಡನು. ರಸೀದಿಯನ್ನು ಮೊದಲೇ ಕೈಗೆ ಕೊಟ್ಟಿದ್ದರೆ ಯಾವ ಕಾರಕೂನನೂ ಕಣಜ ತೆರೆಯುತ್ತಿದ್ದನು.

ಹೀಗೆ ಹೇಳಿದೊಡನೆ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ವಿಠಲನು ಬಾರದೆ ಹೋದರೆ? ಧರ್ಮಬೋಧೆಯ ಪುಸ್ತಕಗಳು ಇದನ್ನು ಸಾಮಾನ್ಯವಾಗಿ ಬದಿಗೆ ಸರಿಸಿ ಮುಂದಕ್ಕೆ ಹೋಗುತ್ತವೆ. ನಂಬಿದವರಿಗೆ ಕೇಡಿಲ್ಲವೆಂದು ಬರೆದುಬಿಡುವುದು ಸುಲಭ. ಬೀದರ ಜಿಲ್ಲೆಯಲ್ಲಿ ನಿಂತು ಹಾಗೆ ಬರೆಯುವುದು ಮಾತ್ರ ಸಾಧ್ಯವಿಲ್ಲ. ಏಕೆಂದರೆ ಇದೇ ಜಿಲ್ಲೆಯಲ್ಲಿ ಕಲ್ಯಾಣವಿದೆ. 12ನೆಯ ಶತಮಾನದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾಯಿತು. ಇಷ್ಟಲಿಂಗ ಕಟ್ಟಿಕೊಂಡ ಮೇಲೆ ಸಮಗಾರನೆಂದೂ ಬ್ರಾಹ್ಮಣನೆಂದೂ ಭೇದವೆಣಿಸಲಾಗದೆಂಬ ತತ್ತ್ವವನ್ನು ಆ ಇಬ್ಬರು ತಂದೆಗಳು ಅಕ್ಷರಶಃ ಪಾಲಿಸಿದರು. ಅವರ ನೆರವಿಗೆ ಯಾವ ವೇಷದಲ್ಲಿಯೂ ಯಾರೂ ಬರಲಿಲ್ಲ. ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಪರಂಪರೆ ನೆನೆಯುತ್ತದೆ. ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರ ಮುಂದಾಳ್ತನದಲ್ಲಿ ಒಂದು ತಂಡ ಉಳವಿಯತ್ತ ನಡೆಯಿತು. ಲೌಕಿಕ ದೃಷ್ಟಿಯಿಂದ ಅದು ಸೋಲು. ಆ ಸೋಲಿನ ದಾರಿಯಲ್ಲಿ ಹೊತ್ತುಕೊಂಡು ಹೋದ ವಚನದ ಕಟ್ಟುಗಳೇ ಇಂದು ಕನ್ನಡ ಸಾಹಿತ್ಯದ ಮಹಾನಿಧಿಯಾಗಿವೆಯೆಂಬುದು ನಿಜ. ಆದರೆ ಹರಳಯ್ಯ ಮಧುವರಸರಿಗೆ ಅದು ತಿಳಿದಿರಲಿಲ್ಲ. ತಿಳಿದಿದ್ದರೂ ಆನೆಯ ಕಾಲಿನ ನೋವು ಅದರಿಂದ ಕಡಿಮೆಯಾಗುತ್ತಿರಲಿಲ್ಲ. ದೈವದ ಆಣತಿಯಂತೆ ನಡೆದವನಿಗೆ ರಕ್ಷಣೆ ಸಿಕ್ಕೇ ಸಿಗುವುದೆಂಬ ಕರಾರುಪತ್ರ ಎಲ್ಲಿಯೂ ಇಲ್ಲ. ಈ ಸತ್ಯವನ್ನು ಮರೆಮಾಚಿ ಕಲಿಸಿದ ಭಕ್ತಿಯು ಮೊದಲ ಬರಗಾಲದಲ್ಲಿಯೇ ಒಣಗಿಹೋಗುತ್ತದೆ.

ಎಲ್ಲ ಆಣತಿಗಳೂ ಆನೆಯ ಕಾಲಿನವರೆಗೆ ಒಯ್ಯುವುದಿಲ್ಲ. ಕೆಲವು ಒಂದು ಹಿಡಿ ಅಕ್ಕಿಯಷ್ಟು ಚಿಕ್ಕವು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತ ಶೂನ್ಯಸಂಪಾದನೆಯ ಓದುಗರಿಗೆ ಪರಿಚಿತವೇ. ಅಮರೇಶ್ವರನ ಹೆಸರು ಅವರ ವಚನಗಳ ಅಂಕಿತದಲ್ಲಿರುವುದರಿಂದ ಔರಾದಿನ ಅಮರೇಶ್ವರ ಗುಡಿಯನ್ನು ನೆನೆದು ಅವರನ್ನು ಈ ಕಡೆಯವರೆಂದು ಭಾವಿಸುವವರಿದ್ದರೆ ತಿದ್ದಿಕೊಳ್ಳಬೇಕು; ಅವರು ರಾಯಚೂರು ಸೀಮೆಯ ಅಮರೇಶ್ವರದವರು. ಕಲ್ಯಾಣಕ್ಕೆ ಬಂದು, ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ತಂದನು. ಬಡವರ ಮನೆಯಲ್ಲಿ ನಾಳೆಗೆಂದು ಒಂದು ಹಿಡಿ ಎತ್ತಿಡುವುದು ಪಾಪವೇ? ಲೋಕದ ನ್ಯಾಯದಲ್ಲಿ ಅಲ್ಲ. ಲಕ್ಕಮ್ಮನು ಮಾತ್ರ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಸಿರಿವಂತನು ತ್ಯಾಗ ಮಾಡಿದರೆ ಶಿಲಾಫಲಕ ಏಳುತ್ತದೆ. ಲಕ್ಕಮ್ಮನ ಆಜ್ಞಾಪಾಲನೆಗೆ ಸಾಕ್ಷಿಯಾಗಿ ನಿಂತದ್ದು ಬರಿದಾದ ಜೋಳಿಗೆ. ಆಕೆಗೆ ಆಣತಿಯನ್ನು ಕೊಟ್ಟವರಾರು? ಗುರುವೂ ಎದುರಿಗಿರಲಿಲ್ಲ, ಅರಸನೂ ಇರಲಿಲ್ಲ. ಅರಿವೇ ಗುರುವಾಗಿ ಒಳಗಿನಿಂದ ನುಡಿಯಿತು.

ಇನ್ನು ಭಾಲ್ಕಿಯ ಕಡೆಗೆ. ನಿಜಾಮರ ಆಳ್ವಿಕೆಯಲ್ಲಿ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಸರ್ಕಾರದ ಭಾಷೆ ಉರ್ದು, ಶಾಲೆಯ ಭಾಷೆ ಉರ್ದು, ಕಚೇರಿಯ ಭಾಷೆಯೂ ಉರ್ದು. ಖಾಸಗಿ ಪಾಠಶಾಲೆ ತೆರೆಯುವುದಕ್ಕೆ ಸರ್ಕಾರದ ಅಪ್ಪಣೆ ಬೇಕಾಗಿತ್ತು. ಉರ್ದು ಭಾಷೆಯ ಮೇಲೆ ಇಲ್ಲಿ ದೋಷವಿಲ್ಲ. ಅದು ದಖ್ಖನಿನಲ್ಲಿಯೇ ಬೆಳೆದ ಸೊಗಸಾದ ನುಡಿ. ತಾಯಿನುಡಿಯಲ್ಲಿ ಓದುಬರಹ ಕಲಿಯುವ ಹಾದಿ ಮಕ್ಕಳಿಗೆ ಮುಚ್ಚಿತ್ತೆಂಬುದೇ ಸಂಕಟದ ವಿಷಯ. ಬಹುಕಾಲ ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ, ಭಾಲ್ಕಿ ಹಿರೇಮಠದ ಪೀಠವನ್ನೇರಿದ ಚನ್ನಬಸವ ಪಟ್ಟದ್ದೇವರು ಆಗ ಕೈಗೊಂಡ ಮಾರ್ಗ ಈ ಜಿಲ್ಲೆಯ ಮನೆಮಾತಾಗಿದೆ. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ಜೋಳಿಗೆ ಹಿಡಿದು ಊರೂರು ತಿರುಗಿ ಕಾಳುಕಡಿ ಕೂಡಿಸಿ ಮಕ್ಕಳಿಗೆ ಅನ್ನವಿಕ್ಕಿ ಅಕ್ಷರ ಕಲಿಸಿದರು.

ಫಲಕವೊಂದು, ಪಾಠ ಮತ್ತೊಂದು ಆದದ್ದು ಸತ್ಯಕ್ಕೆ ಒಪ್ಪುವುದೇ ಎಂದು ಕೆಲವು ಕಟ್ಟುನಿಟ್ಟಿನ ಜನ ಕೇಳಬಹುದು. ಉತ್ತರ ಕಠಿಣವಲ್ಲ. ಹಲಗೆಯ ಮೇಲಿನ ಅಕ್ಷರವನ್ನು ಸರ್ಕಾರಕ್ಕೆ ಒಪ್ಪಿಸಿ, ಮಗುವಿನ ನಾಲಗೆಯನ್ನು ಮಗುವಿಗೆ ಉಳಿಸಿದುದರಲ್ಲಿ ಯಾರ ಸ್ವತ್ತನ್ನೂ ಕಸಿದುಕೊಂಡಂತಾಗಲಿಲ್ಲ. ಸಿಕ್ಕಿಬಿದ್ದಿದ್ದರೆ ದಂಡ ತೆರಬೇಕಾದವರು ಸ್ವತಃ ಸ್ವಾಮಿಗಳೇ. ದಾಮಾಜಿಯ ಬೀಗದ ಕೈಗೂ ಈ ಫಲಕಕ್ಕೂ ಐದು ಶತಮಾನದ ಅಂತರವಿದ್ದರೂ ಎರಡರ ಜಾತಿ ಒಂದೇ. ಪಟ್ಟದ್ದೇವರು ಮುಂದೆ ಹೈದರಾಬಾದ್ ಸಂಸ್ಥಾನದ ವಿಮೋಚನೆಯನ್ನೂ 1956ರ ನವೆಂಬರ್ 1ರಂದು ಬೀದರವು ಮೈಸೂರು ರಾಜ್ಯಕ್ಕೆ ಸೇರಿದುದನ್ನೂ ಕಂಡು, ನೂರು ವರ್ಷ ದಾಟಿ ಬಾಳಿ, 1999ರಲ್ಲಿ ಲಿಂಗೈಕ್ಯರಾದರು. ಆದರೆ ಫಲಕ ತೂಗುಹಾಕಿದ ದಿನ ಅವರ ಕಣ್ಣ ಮುಂದೆ 1956 ಇರಲಿಲ್ಲ. ನಿಜಾಮರ ರಾಜ್ಯ ಇನ್ನೂ ನೂರು ವರ್ಷ ಇರುವುದೆಂದೇ ಅಂದಿನವರ ಭಾವನೆ. ಇಂದಿನವರು ಆ ಕಾರ್ಯವನ್ನು ಅದರ ಫಲದಿಂದ ಅಳೆಯುತ್ತಾರೆ. ಫಲ ಕಾಣದ ಕಾಲದಲ್ಲಿ ಅದನ್ನು ನಡೆಸಿದವರ ನಿಷ್ಠೆಯನ್ನು ಅಳೆಯಲು ಆ ಕೋಲು ಸಾಲದು. ಷಟ್‌ಸ್ಥಲದಲ್ಲಿ ಭಕ್ತಸ್ಥಲದ ಶ್ರದ್ಧೆಯ ಮುಂದೆ ಮಹೇಶ್ವರಸ್ಥಲದ ನಿಷ್ಠೆಯನ್ನು ಬೇರೆಯಾಗಿಯೇ ಇಟ್ಟಿರುವುದರ ಮರ್ಮವಿದು.

ಇಷ್ಟು ಹೇಳಿದ ಮೇಲೆ ಅಹಿತವಾದ ಮಾತೊಂದನ್ನು ಆಡದೆ ವಿಧಿಯಿಲ್ಲ. ಕಷ್ಟಕಾಲದಲ್ಲಿ ದೈವದ ಆಣತಿಯೆಂದು ಕೂಗಿಕೊಂಡು ಬರುವ ಧ್ವನಿಗಳೆಲ್ಲ ದೈವದವಲ್ಲ. 1948ರ ಮೇ ತಿಂಗಳಲ್ಲಿ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯನ್ನು ಈ ಜಿಲ್ಲೆ ಮರೆತಿಲ್ಲ; ಮರೆಯುವಂಥದೂ ಅಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದ ಬಳಿಕ ಹಗೆ ಬೆನ್ನು ತಿರುಗಿಸಿ, ನಿರಪರಾಧಿಗಳಾದ ಮುಸಲ್ಮಾನ ಕುಟುಂಬಗಳು ಇದೇ ಬೀದರ ಜಿಲ್ಲೆಯಲ್ಲಿ, ನೆರೆಯ ಜಿಲ್ಲೆಗಳಲ್ಲಿ ಬಲಿಯಾದುದನ್ನು ಸುಂದರಲಾಲ್ ಸಮಿತಿಯ ವರದಿ ದಾಖಲಿಸಿದೆ. ಇದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಎರಡು ಸಲವೂ ಕತ್ತಿ ಹಿಡಿದವರ ಬಾಯಲ್ಲಿ ಧರ್ಮದ ಹೆಸರಿತ್ತು. ಹಾಗಾದರೆ ನಿಜವಾದ ಆಣತಿಯನ್ನು ಗುರುತಿಸುವ ಬಗೆ ಯಾವುದು? ಈವರೆಗೆ ಕಂಡ ಉದಾಹರಣೆಗಳೇ ಅದನ್ನು ತಿಳಿಸುತ್ತವೆ. ದಾಮಾಜಿಯಿಂದ ಅದು ಕೇಳಿದ್ದು ಆತನ ತಲೆಯನ್ನು. ಲಕ್ಕಮ್ಮನಿಂದ ಕೇಳಿದ್ದು ನಾಳೆಯ ಅನ್ನವನ್ನು. ಹರಳಯ್ಯ ಮಧುವರಸರಿಂದ ಕೇಳಿದ್ದು ಕುಲದ ಆಸರೆಯನ್ನೂ ಪ್ರಾಣವನ್ನೂ. ಪರರ ಪ್ರಾಣವನ್ನು, ಪರರ ಅನ್ನವನ್ನು ಕೇಳುವ ಆಣತಿ ಎಷ್ಟೇ ಮಂತ್ರಪುರಸ್ಸರವಾಗಿ ಬಂದರೂ ಅದು ಕೇಳುವವನ ಹೊಟ್ಟೆಯ ಕಿಚ್ಚಿನಿಂದ ಎದ್ದದ್ದು.

ಸೌಮ್ಯವಾದ ವೇಷ ತೊಟ್ಟ ಇನ್ನೊಂದು ವಂಚನೆಯೂ ಉಂಟು. ಉಳ್ಳವನು ಇಲ್ಲದವನಿಗೆ ದೈವೇಚ್ಛೆಯೆಂದು ಸಮಾಧಾನ ಹೇಳುವುದೇ ಅದು. ಫೀಸು ಕಟ್ಟಲಾಗದೆ ಶಾಲೆ ಬಿಟ್ಟ ಹುಡುಗನಿಗೆ ದೇವರಿದ್ದಾನೆ ಎನ್ನುವ ಗುರುಗಳು, ಸಾಲ ತೀರದ ರೈತನಿಗೆ ಪ್ರಾರಬ್ಧ ಎನ್ನುವ ಸಾಹುಕಾರ, ಇವರು ಆಡುವುದು ಶಾಸ್ತ್ರದ ಮಾತೇ ಇರಬಹುದು. ಸ್ಥಾನ ಮಾತ್ರ ತಪ್ಪಿದೆ. ಬಂದದ್ದೆಲ್ಲವನ್ನೂ ಪ್ರಸಾದವೆಂದು ಸ್ವೀಕರಿಸುವ ಪ್ರಸಾದಿಸ್ಥಲದ ಸಾಧನೆಯನ್ನು ಸಾಧಕನು ತನಗೆ ತಾನು ಹೇಳಿಕೊಳ್ಳಬೇಕೇ ಹೊರತು, ಹಸಿದವನ ಎಲೆಯ ಮೇಲೆ ಉಪದೇಶವಾಗಿ ಬಡಿಸತಕ್ಕದ್ದಲ್ಲ. ಹಸಿದವನು ಎದುರಿಗೆ ಬಂದಾಗ ಆತನ ಕಷ್ಟ ಆತನ ಪಾಲಿಗೆ ಪರೀಕ್ಷೆಯೋ ಅಲ್ಲವೋ ದೇವರೇ ಬಲ್ಲ. ನೋಡುತ್ತಿರುವವನ ಪಾಲಿಗಂತೂ ಅದು ಆಣತಿ. ದಾಸೋಹವೆಂಬ ಪದ್ಧತಿಯನ್ನು ಶರಣರು ದಾನದಿಂದ ಬೇರ್ಪಡಿಸಿದ್ದು ಇದೇ ಕಾರಣದಿಂದ. ದಾನ ಕೊಡುವವನು ಮೇಲೆ ನಿಲ್ಲುತ್ತಾನೆ. ದಾಸೋಹ ಮಾಡುವವನು ಅಪ್ಪಣೆ ಪಾಲಿಸುವ ಆಳಾಗಿ ಕೆಳಗೆ ನಿಲ್ಲುತ್ತಾನೆ.

ಭಾಲ್ಕಿ ಹಿರೇಮಠವು ಬಸವಲಿಂಗ ಪಟ್ಟದ್ದೇವರ ಕಾಲದಲ್ಲಿ ಹೆತ್ತವರು ತೊರೆದ ಶಿಶುಗಳನ್ನು ತಂದು ಸಾಕುತ್ತಿರುವುದನ್ನು ಈ ಬೆಳಕಿನಲ್ಲಿ ನೋಡಬೇಕು. ಮುಹಮ್ಮದ್ ಷಾನ ಅನಾಥಶಾಲೆಯನ್ನು ಕಂಡ ಜಿಲ್ಲೆಯಲ್ಲಿ ಆರು ಶತಮಾನಗಳಾಚೆ ಅದೇ ಆಣತಿ ಇನ್ನೊಂದು ಬಾಗಿಲನ್ನು ತಟ್ಟಿತು.

ಈಗ ಔರಾದ ತಾಲೂಕಿನ ಗಡಿಯ ಹಳ್ಳಿಗಳತ್ತ ತಿರುಗಬಹುದು. ಉದ್ದು, ಹೆಸರು, ಸೋಯಾ ಕೈಕೊಟ್ಟ ವರ್ಷ ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಿ ಮುಗಿಯುತ್ತಿದ್ದಂತೆ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ. ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ, ಪುಣೆಗೆ, ಕಬ್ಬು ಕಡಿಯುವಲ್ಲಿಗೆ ಗುಳೆ ಹೊರಡುತ್ತಾರೆ. ತಂದೆತಾಯಿಗಳ ಹಿಂದೆ ಮಕ್ಕಳೂ ಹೋಗುತ್ತಾರೆ. ಜನವರಿಯ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿಯ ಗುರುತು ಬೀಳುತ್ತದೆ. ಮಾರ್ಚಿನ ಪರೀಕ್ಷೆಗೆ ಆ ಮಕ್ಕಳಲ್ಲಿ ಹಲವರು ಹಿಂದಿರುಗುವುದಿಲ್ಲ. ಅವರ ವಿಷಯದಲ್ಲಿ ದೇವರ ಮೇಲೆ ಭಾರ ಹಾಕಿ ಹಾಜರಿ ಪುಸ್ತಕ ಮುಚ್ಚುವುದು ಅಧ್ಯಾಪಕರಿಗೆ ಭೂಷಣವಲ್ಲ. ದಾನಿಗಳು ಶಿಕ್ಷಣ ಸಂಸ್ಥೆಗಳಿಗೆ ಕೊಡುವ ಹಣ ಹೆಚ್ಚಾಗಿ ಮಹಾದ್ವಾರಕ್ಕೆ, ಸಭಾಮಂಟಪಕ್ಕೆ, ಹೆಸರು ಕೆತ್ತಿದ ಅಮೃತಶಿಲೆಗೆ ಹೋಗುತ್ತಿರುವುದನ್ನು ಯಾರೂ ಅಲ್ಲಗಳೆಯಲಾರರು. ಕಟ್ಟಡವೂ ಬೇಕು, ಅದಕ್ಕೆ ಕಾಲವಿದೆ. ಗುಳೆಗೆ ಕಾಲ ಕಾಯುವ ವ್ಯವಧಾನವಿಲ್ಲ. ಜನವರಿಯಿಂದ ಏಪ್ರಿಲಿನವರೆಗೆ, ಊರಿನಲ್ಲಿ ಅಜ್ಜಿಯ ಬಳಿ ಉಳಿಯಬಲ್ಲ ಮಗುವಿಗೆ ಎರಡು ಹೊತ್ತಿನ ಜೋಳದ ರೊಟ್ಟಿ, ಬೇಳೆ. ಅಜ್ಜಿಯೂ ಇಲ್ಲದ ಮಗುವಿಗೆ ಪ್ರಸಾದ ನಿಲಯದಲ್ಲಿ ಒಂದು ಚಾಪೆಯ ಜಾಗ. ಯಾವ ಮನೆಯವರು ಹೊರಡಲಿದ್ದಾರೆಂಬುದು ಶಾಲೆಯ ಗುರುಗಳಿಗೆ ದೀಪಾವಳಿಯ ಹೊತ್ತಿಗೇ ತಿಳಿದಿರುತ್ತದೆ. ಆ ಮಕ್ಕಳ ಪಟ್ಟಿಯನ್ನು ನವೆಂಬರಿನಲ್ಲಿಯೇ ಬರೆದಿಟ್ಟುಕೊಂಡರೆ, ತೊಗರಿಯ ರಾಶಿ ಕಣದಲ್ಲಿರುವಾಗಲೇ ಹಳೆಯ ವಿದ್ಯಾರ್ಥಿಗಳ ಮನೆಗಳಿಗೆ ಚೀಲ ಹಿಡಿದು ಹೋಗಬಹುದು. ಕೊಡುವವರ ಕೈ ಆಗ ತುಂಬಿರುತ್ತದೆ. ರಾಶಿ ಪೇಟೆಗೆ ಹೋದ ಮೇಲೆ ಕೇಳಿದರೆ ಕೊಡಬೇಕೆನ್ನುವವರ ಮನೆಯಲ್ಲಿಯೂ ಕಾಳು ಇರುವುದಿಲ್ಲ.